ಬೆನ್ನಿನ ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಮೈಬಿಸಿ ಕಾಪಾಡುವುದು ಏಕೆ, ಹೇಗೆ

ಬೆನ್ನಿನ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕಾಲಿನ ಶಕ್ತಿ ಹೋಗುವುದಿಲ್ಲ ತಾನೇ? ಎಷ್ಟು ದಿನ ಮಲಗಬೇಕು? ಗದ್ದೆಗೆ ಯಾವಾಗ ಇಳಿಯಬಹುದು? ಒಟ್ಟು ಎಷ್ಟು ಖರ್ಚಾಗುತ್ತದೆ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ‘ಒಳಗೆ ಇವರ ಮೈ ತಣ್ಣಗಾಗದಂತೆ ಏನು ಮಾಡುತ್ತೀರಿ?’ ಎಂದು ಕೇಳುವವರು ಅಪರೂಪ. ಮೈಸೂರಿನಲ್ಲಿ ಅರಿವಳಿಕೆ ತಜ್ಞೆಯಾಗಿ ಕೆಲಸ ಮಾಡುತ್ತಿರುವ ನನಗೆ ಈ ಪ್ರಶ್ನೆಯನ್ನು ಜನ ಧೈರ್ಯವಾಗಿ ಕೇಳುವಂತಾಗಬೇಕು ಎಂಬ ಆಸೆಯಿದೆ. ಗಾಯ ಚಿಕ್ಕದಾದ ಮಾತ್ರಕ್ಕೆ ಮೈ ತಣ್ಣಗಾಗುವುದು ಕಡಿಮೆಯಾಗುವುದಿಲ್ಲ. ಒಂದು ಬಗೆಯ ಕೀಹೋಲ್ ಚಿಕಿತ್ಸೆಯಲ್ಲಂತೂ, ಅಂದರೆ ಸಣ್ಣ ರಂಧ್ರದ ಮೂಲಕ ಮಾಡುವ ಚಿಕಿತ್ಸೆಯಲ್ಲಂತೂ, ತಣ್ಣಗಾಗಲು ಹೊಸದೊಂದು ಕಾರಣವೇ ಸೇರಿಕೊಳ್ಳುತ್ತದೆ.

ಮೊದಲು ಚಿಕಿತ್ಸೆಯ ಬಗ್ಗೆ ಎರಡು ಮಾತು. ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಡಿಸ್ಕ್ ಹೊರಕ್ಕೆ ಉಬ್ಬಿ ನರವನ್ನು ಒತ್ತಿದಾಗ ಸೊಂಟದಿಂದ ಪಾದದವರೆಗೆ ಸೆಳೆತ ಹುಟ್ಟುತ್ತದೆ. ಇದೇ ಸಯಾಟಿಕಾ. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಹೊರೆ ಎತ್ತಿದವರಿಗೆ, ದಿನವಿಡೀ ಟ್ರ್ಯಾಕ್ಟರ್ ಓಡಿಸುವವರಿಗೆ ಈ ನೋವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಔಷಧ ಮತ್ತು ವ್ಯಾಯಾಮದಿಂದಲೇ ನೋವು ಇಳಿಯುತ್ತದೆ. ಇಳಿಯದವರಿಗೆ, ಕಾಲು ಸೋಲುತ್ತಾ ಬಂದವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಿಂದೆ ಬೆನ್ನಿನ ಚರ್ಮವನ್ನು ಉದ್ದಕ್ಕೆ ಸೀಳಿ, ಸ್ನಾಯುವನ್ನು ಮೂಳೆಯಿಂದ ಬಿಡಿಸಿ ಒಳಗೆ ಹೋಗುತ್ತಿದ್ದರು. ಈಗ ಸ್ನಾಯುಗಳ ನಡುವೆ 18ರಿಂದ 22 ಮಿಲಿಮೀಟರ್ ಅಗಲದ ಕೊಳವೆ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಡಿಸ್ಕಿನ ಚೂರನ್ನು ತೆಗೆಯುತ್ತಾರೆ. ಇನ್ನೂ ಮುಂದೆ ಹೋಗಿ, ಬೆರಳಿನ ಉಗುರಿಗಿಂತ ಚಿಕ್ಕದಾದ ರಂಧ್ರದ ಮೂಲಕ ಎಂಡೋಸ್ಕೋಪ್ ಎಂಬ, ಒಳಗಿನದನ್ನು ತೋರಿಸುವ ತೆಳು ಕೊಳವೆ ಇಳಿಸಿ, ಟಿವಿ ಪರದೆಯ ಮೇಲೆ ನೋಡಿಕೊಂಡು ಕೆಲಸ ಮಾಡುವ ವಿಧಾನವೂ ಬಂದಿದೆ. ರಕ್ತ ಕಡಿಮೆ ಹೋಗುತ್ತದೆ, ಸ್ನಾಯು ಉಳಿಯುತ್ತದೆ, ಬೇಗ ಎದ್ದು ಓಡಾಡಬಹುದು. ಇದು ನಿಜವಾದ ಪ್ರಗತಿ.

ಎಂಡೋಸ್ಕೋಪ್ ವಿಧಾನದ ಒಂದು ಗುಟ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ: ಅಲ್ಲಿ ಇಡೀ ಕೆಲಸ ನಡೆಯುವುದು ನೀರಿನೊಳಗೆ. ಮೂರು ಲೀಟರಿನ ದೊಡ್ಡ ಸಲೈನ್ ಚೀಲಗಳನ್ನು ಎತ್ತರದಲ್ಲಿ ತೂಗುಹಾಕಿ, ಅಲ್ಲಿಂದ ಬೆನ್ನಿನೊಳಕ್ಕೆ ಒಂದೇ ಸಮನೆ ಹರಿಸುತ್ತಾರೆ. ಈ ಹರಿವು ರಕ್ತವನ್ನು ತೊಳೆದು ನೋಟವನ್ನು ತಿಳಿಯಾಗಿಡುತ್ತದೆ, ಸಣ್ಣ ರಕ್ತನಾಳಗಳ ಮೇಲೆ ಒತ್ತಡ ಹಾಕಿ ಜಿನುಗುವುದನ್ನು ತಡೆಯುತ್ತದೆ, ಮೂಳೆ ಕೊರೆಯುವ ಡ್ರಿಲ್ಲಿನ ಬಿಸಿಯನ್ನು ಒಯ್ಯುತ್ತದೆ. ನೀರಿಲ್ಲದೆ ಈ ಚಿಕಿತ್ಸೆಯೇ ಇಲ್ಲ. ಒಂದೂವರೆ ಎರಡು ಗಂಟೆಯ ಕೆಲಸದಲ್ಲಿ ಹತ್ತು ಲೀಟರಿಗೂ ಹೆಚ್ಚು ಸಲೈನ್ ಹರಿದುಹೋಗುವುದುಂಟು. ಆ ನೀರು ಆಪರೇಷನ್ ಥಿಯೇಟರಿನ ತಂಪಿನಲ್ಲೇ ಇದ್ದರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಬೇಕು. ಮನುಷ್ಯನ ಮೈ ಪೂರ್ತಿ ನೀರಲ್ಲವಾದ್ದರಿಂದ ಒಂದು ಕಿಲೋ ತೂಕಕ್ಕೆ ಸುಮಾರು 0.83 ಕಿಲೋಕ್ಯಾಲರಿ. ಅಂದರೆ 60 ಕಿಲೋ ತೂಗುವ ವ್ಯಕ್ತಿಯ ಮೈಯಿಂದ 50 ಕಿಲೋಕ್ಯಾಲರಿ ಹೊರಗೆ ಹೋದರೆ ಸರಾಸರಿ ಒಂದು ಡಿಗ್ರಿ ಇಳಿಯುತ್ತದೆ. ರಕ್ತನಾಳಕ್ಕೆ ಕೊಡುವ ಡ್ರಿಪ್ 20 ಡಿಗ್ರಿಯಲ್ಲಿದ್ದರೆ, ಅದನ್ನು 37ಕ್ಕೆ ಏರಿಸಲು ಮೈ ಪ್ರತಿ ಲೀಟರಿಗೆ 17 ಕಿಲೋಕ್ಯಾಲರಿ ಕೊಡಬೇಕು. ಒಂದು ಲೀಟರಿಗೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗ ಹೋಯಿತು. ಬೆನ್ನನ್ನು ತೊಳೆಯುವ ನೀರು ಒಳಗೇ ಉಳಿಯುವುದಿಲ್ಲ, ಬಂದ ದಾರಿಯಲ್ಲೇ ಹೊರಬರುತ್ತದೆ. ಆದರೂ ಹಾದುಹೋಗುವಾಗ ಒಂದಿಷ್ಟು ಬಿಸಿಯನ್ನು ಎತ್ತಿಕೊಂಡೇ ಹೋಗುತ್ತದೆ. ಪ್ರತಿ ಲೀಟರ್ ಮೂರೇ ಡಿಗ್ರಿ ಬಿಸಿಯಾಗಿ ಹೊರಬಂದಿತು ಎಂದು ಇಟ್ಟುಕೊಂಡರೂ ಹತ್ತು ಲೀಟರಿಗೆ 30 ಕಿಲೋಕ್ಯಾಲರಿ, ಅಂದರೆ ಅರ್ಧ ಡಿಗ್ರಿಗಿಂತ ಹೆಚ್ಚು. ಹೊರಬಂದ ನೀರು ಬಟ್ಟೆಯನ್ನು ತೋಯಿಸಿ, ಪಕ್ಕೆಯ ಕೆಳಗೆ ಹರಿದು ನಿಂತರೆ ಆವಿಯಾಗುತ್ತಾ ಮತ್ತಷ್ಟು ಬಿಸಿಯನ್ನು ಹೀರುತ್ತದೆ. ಒದ್ದೆ ಬಟ್ಟೆಯಲ್ಲಿ ಫ್ಯಾನಿನ ಕೆಳಗೆ ನಿಂತವರಿಗೆಲ್ಲ ಇದರ ಅನುಭವವಿದೆ.

ಇಷ್ಟಾದರೂ ನೀರು ಎರಡನೆಯ ಕಾರಣ. ಮೊದಲನೆಯದು ಅರಿವಳಿಕೆಯೇ. ಇದನ್ನು ಅರ್ಥಮಾಡಿಕೊಂಡರೆ ‘ಮೊದಲೇ ಬೆಚ್ಚಗಿಡಿ’ ಎಂದು ನಾವು ಯಾಕೆ ಒತ್ತಿ ಹೇಳುತ್ತೇವೆ ಎಂಬುದು ತಾನಾಗಿ ತಿಳಿಯುತ್ತದೆ.

ಆರೋಗ್ಯವಂತರ ಮೈಯ ಒಳಭಾಗದ ತಾಪ, ಅಂದರೆ ಎದೆ, ಹೊಟ್ಟೆ, ಮಿದುಳಿನ ತಾಪ, ಸುಮಾರು 37 ಡಿಗ್ರಿ. ಜ್ವರದ ಹಳೆಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ 98.6. ಕೈಕಾಲುಗಳು ಸಾಮಾನ್ಯವಾಗಿ ಇದಕ್ಕಿಂತ ಎರಡು ನಾಲ್ಕು ಡಿಗ್ರಿ ತಂಪಾಗಿರುತ್ತವೆ. ಚರ್ಮದ ರಕ್ತನಾಳಗಳು ಬಿಗಿದುಕೊಂಡು ಬಿಸಿ ರಕ್ತವನ್ನು ಒಳಗೇ ಹಿಡಿದಿಡುವುದರಿಂದ ಹೀಗೆ. ಎಚ್ಚರವಾಗಿರುವಾಗ ಒಂದು ಡಿಗ್ರಿಯ ಕಾಲುಭಾಗದಷ್ಟು ಏರುಪೇರಾದರೂ ಮಿದುಳು ಗಮನಿಸಿ ನಾಳಗಳನ್ನು ಬಿಗಿಮಾಡುತ್ತದೆ, ಅದೂ ಸಾಲದಿದ್ದರೆ ನಡುಕ ಹುಟ್ಟಿಸುತ್ತದೆ. ಪೂರ್ಣ ಅರಿವಳಿಕೆ ಕೊಟ್ಟಾಗ ಈ ಕಾವಲು ಸಡಿಲವಾಗುತ್ತದೆ. ತಾಪ ಎರಡರಿಂದ ನಾಲ್ಕು ಡಿಗ್ರಿ ಇಳಿಯುವವರೆಗೂ ಮಿದುಳು ಸುಮ್ಮನಿರುತ್ತದೆ. ಬಿಗಿದಿದ್ದ ನಾಳಗಳು ತೆರೆದುಕೊಳ್ಳುತ್ತವೆ, ಒಳಗಿನ ಬಿಸಿ ಕೈಕಾಲುಗಳ ಕಡೆಗೆ ಹರಿಯುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಕನ್ನಂಬಾಡಿ ಕಟ್ಟೆಯ ಮೂಲಕ ಹೇಳುವುದು ಸುಲಭ. ವಿ.ಸಿ. ನಾಲೆಗೆ ನೀರು ಬಿಟ್ಟ ದಿನ ನೀರೇನೂ ಮಾಯವಾಗಿರುವುದಿಲ್ಲ, ಕಟ್ಟೆಯಲ್ಲಿದ್ದದ್ದು ನಾಲೆಗೆ ಹೋಗಿರುತ್ತದೆ, ಅಷ್ಟೆ. ಆದರೂ ಕಟ್ಟೆಯ ಮಟ್ಟ ಇಳಿದಿರುತ್ತದೆ. ಅರಿವಳಿಕೆ ಕೊಟ್ಟ ಮೊದಲ ಒಂದು ಗಂಟೆಯಲ್ಲಿ ಮೈಯೊಳಗೆ ಆಗುವುದೂ ಇದೇ. ಒಂದರಿಂದ ಒಂದೂವರೆ ಡಿಗ್ರಿಯವರೆಗೆ ಒಳತಾಪ ಇಳಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಹೊರಗೆ ಹೋದ ಬಿಸಿಯಲ್ಲ, ಒಳಗಿನಿಂದ ಕೈಕಾಲಿಗೆ ಹಂಚಿಹೋದ ಬಿಸಿ. ಹೀಗಾಗಿ ಶಸ್ತ್ರಚಿಕಿತ್ಸೆ ಶುರುವಾದ ಮೇಲೆ ಎಷ್ಟೇ ಹೊದಿಸಿದರೂ ಮೊದಲ ಗಂಟೆಯ ಇಳಿತವನ್ನು ತಡೆಯುವುದು ಕಷ್ಟ. ತಡೆಯಬೇಕಾದರೆ ನಾಲೆ ಮೊದಲೇ ತುಂಬಿರಬೇಕು: ಅರಿವಳಿಕೆಗೆ ಮುಂಚೆ ಕೈಕಾಲುಗಳನ್ನು ಬೆಚ್ಚಗೆ ಮಾಡಿಟ್ಟರೆ ಒಳಗಿನಿಂದ ಹರಿದುಹೋಗಲು ಕಾರಣವೇ ಉಳಿಯುವುದಿಲ್ಲ. ಬಿಸಿಗಾಳಿಯ ಹೊದಿಕೆಯಡಿ, ಅಂದರೆ ಯಂತ್ರದಿಂದ ಬಿಸಿಗಾಳಿ ತುಂಬಿಸಿದ ಹೊದಿಕೆಯಡಿ, ಹತ್ತರಿಂದ ಮೂವತ್ತು ನಿಮಿಷ ಮಲಗಿಸಿದರೂ ಸ್ಪಷ್ಟವಾದ ವ್ಯತ್ಯಾಸ ಕಾಣುತ್ತದೆ.

ಕೀಹೋಲ್ ಚಿಕಿತ್ಸೆಯಲ್ಲಿ ಇದು ಇನ್ನೂ ಮುಖ್ಯ. ಎಷ್ಟೋ ಡಿಸ್ಕ್ ಚಿಕಿತ್ಸೆಗಳು ಒಂದು ಒಂದೂವರೆ ಗಂಟೆಯಲ್ಲಿ ಮುಗಿಯುತ್ತವೆ. ‘ಚಿಕ್ಕ ಕೆಲಸ, ಬಿಸಿಯಂತ್ರ ಯಾಕೆ?’ ಎಂಬ ಮಾತು ಇದರಿಂದಲೇ ಹುಟ್ಟುವುದು. ಆದರೆ ತಾಪ ಅತಿ ಜೋರಾಗಿ ಇಳಿಯುವ ಗಂಟೆ ಅದೇ ಅಲ್ಲವೇ? ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಅರಿವಳಿಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತಿನದಾದರೆ ರೋಗಿಗೆ ಬಿಸಿಗಾಳಿಯ ಹೊದಿಕೆ ಇರಬೇಕು ಎನ್ನುತ್ತದೆ. ಮೈಯ ಒಳತಾಪ 36 ಡಿಗ್ರಿಗಿಂತ ಕೆಳಗಿದ್ದರೆ, ತುರ್ತು ಅಲ್ಲದ ಸಂದರ್ಭದಲ್ಲಿ, ಬೆಚ್ಚಗಾಗುವವರೆಗೆ ಅರಿವಳಿಕೆಯನ್ನೇ ಆರಂಭಿಸಬಾರದು ಎಂದೂ ಹೇಳುತ್ತದೆ.

ಸೊಂಟಕ್ಕೆ ಚುಚ್ಚಿ ಕೆಳಭಾಗವನ್ನು ಮಾತ್ರ ಮರಗಟ್ಟಿಸುವ ಅರಿವಳಿಕೆಯಲ್ಲೂ ಇದೇ ತೊಂದರೆಯಿದೆ, ಜೊತೆಗೆ ಒಂದು ಮೋಸವೂ ಇದೆ. ಕಾಲುಗಳ ನಾಳಗಳು ಅಗಲವಾಗಿ ಬಿಸಿ ಅಲ್ಲಿಗೆ ಹರಿಯುತ್ತದೆ, ಒಳಗೆ ತಾಪ ಇಳಿಯುತ್ತದೆ. ಆದರೆ ಕಾಲಿನಿಂದ ಚಳಿಯ ಸುದ್ದಿ ಮಿದುಳಿಗೆ ಹೋಗುವುದು ನಿಂತಿರುವುದರಿಂದ ರೋಗಿಗೆ ಬೆಚ್ಚಗಿದ್ದಂತೆಯೇ ಅನ್ನಿಸುತ್ತದೆ. ‘ಚಳಿ ಆಗುತ್ತಿದೆಯೇ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಸ್ವಲ್ಪ ಹೊತ್ತಿಗೆಲ್ಲ ತೋಳು, ದವಡೆ ನಡುಗತೊಡಗುತ್ತವೆ.

ನಮ್ಮಲ್ಲಿ ಇನ್ನೊಂದು ಕಾರಣಕ್ಕೂ ಚಳಿ ಹೊರಗೆ ಬರುವುದಿಲ್ಲ. ಪಾಂಡವಪುರದ ಕಡೆಯ ರೈತರೊಬ್ಬರನ್ನು ಥಿಯೇಟರಿನ ಹೊರಗಿನ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ತೆಳ್ಳಗಿನ ಹಸಿರು ಅಂಗಿ, ಮೇಲೊಂದು ಬಿಳಿ ಹೊದಿಕೆ. ಕೈ ಮುಟ್ಟಿದರೆ ಕೊರೆಯುತ್ತಿತ್ತು, ಬೆರಳ ತುದಿಗೆ ಹಾಕಿದ್ದ ಆಮ್ಲಜನಕದ ಕ್ಲಿಪ್ಪು ಸರಿಯಾಗಿ ಓದುತ್ತಲೇ ಇರಲಿಲ್ಲ. “ಚಳಿ ಆಗುತ್ತಿದ್ದರೆ ಹೇಳಬಾರದೇ ಯಜಮಾನರೇ?” ಎಂದೆ. “ಎರಡು ವರ್ಷ ನೋವು ತಿಂದವನಿಗೆ ಈ ಚಳಿ ಯಾವ ಲೆಕ್ಕ ಡಾಕ್ಟರಮ್ಮ? ನಿಮ್ಮ ಕೆಲಸ ನೀವು ಮಾಡಿ” ಎಂದರು. ಬಿಸಿಗಾಳಿಯ ಹೊದಿಕೆ ಹಾಕಿದ ಕಾಲು ಗಂಟೆಗೆ ಕ್ಲಿಪ್ಪು ಅಂಕಿ ತೋರಿಸಿತು, ಅವರ ಭುಜ ಸಡಿಲವಾಯಿತು. ಡಾಕ್ಟರಿಗೆ, ನರ್ಸಮ್ಮನಿಗೆ ತೊಂದರೆ ಕೊಡಬಾರದು ಎಂಬ ಸಂಕೋಚ ನಮ್ಮ ಹಳ್ಳಿಯ ಹಿರಿಯರಲ್ಲಿ ಬಹಳ. ಅವರ ಬಾಯಿಮಾತನ್ನು ನಂಬಿ ಕೂರುವ ಬದಲು ಥರ್ಮಾಮೀಟರ್ ಇಡಬೇಕು.

ಡಿಸೆಂಬರ್, ಜನವರಿಯ ಬೆಳಗ್ಗೆ ನಾಗಮಂಗಲದಿಂದಲೋ ಕೆ.ಆರ್. ಪೇಟೆಯಿಂದಲೋ ಮೊದಲ ಬಸ್ಸಿಗೆ ಹೊರಟವರು ತಲೆಗೆ ನೀರು ಹಾಕಿಕೊಂಡು, ಹಿಂದಿನ ರಾತ್ರಿಯಿಂದ ಹಸಿದುಕೊಂಡು ಮೈಸೂರಿಗೆ ಬರುತ್ತಾರೆ. ತೆಳ್ಳಗಿನ ಮೈ, ವಯಸ್ಸು, ರಕ್ತಹೀನತೆ, ಥೈರಾಯ್ಡ್ ಕೊರತೆ, ಹಳೆಯ ಸಕ್ಕರೆ ಕಾಯಿಲೆ ಇದ್ದವರಿಗೆ ತಾಪ ಇನ್ನೂ ಬೇಗ ಇಳಿಯುತ್ತದೆ. ಅಂಥವರು ಬರುವಾಗಲೇ ತಣ್ಣಗಿದ್ದರೆ ಆಟ ಅರ್ಧ ಸೋತಂತೆ. ಸ್ವೆಟರ್, ಕಾಲುಚೀಲ, ಮಂಕಿ ಕ್ಯಾಪ್ ಧರಿಸಿ ಬರಲಿ, ಥಿಯೇಟರಿಗೆ ಕರೆದೊಯ್ಯುವ ಹೊತ್ತಿನವರೆಗೂ ಅವು ಮೈಮೇಲಿರಲಿ.

ಥಿಯೇಟರಿನೊಳಗೆ ಬೆನ್ನಿನ ರೋಗಿಯನ್ನು ಬೋರಲು ಮಲಗಿಸುತ್ತಾರೆ. ಹೊಟ್ಟೆಯ ಮೇಲೆ ಭಾರ ಬಿದ್ದರೆ ಬೆನ್ನುಮೂಳೆಯ ಸುತ್ತಲಿನ ರಕ್ತನಾಳಗಳು ಉಬ್ಬಿ ರಕ್ತ ಹೆಚ್ಚು ಹೋಗುತ್ತದೆ. ಅದಕ್ಕಾಗಿ ಎದೆ ಮತ್ತು ಸೊಂಟದ ಕೆಳಗೆ ದಿಂಬುಗಳಿಟ್ಟು ಹೊಟ್ಟೆಯನ್ನು ತೂಗಲು ಬಿಡುತ್ತಾರೆ. ಮೇಲೆ ಅಗಲವಾದ ಬೆನ್ನು ಬರಿದಾಗಿ, ಕೆಳಗೆ ಹೊಟ್ಟೆ ಗಾಳಿಗೆ ತೆರೆದು, ಎರಡೂ ಕಡೆಯಿಂದ ಬಿಸಿ ಹೋಗುತ್ತದೆ. ಸೋಂಕು ಬಾರದಂತೆ ಬೆನ್ನಿಗೆ ಬಳಿಯುವ ದ್ರಾವಣ ಆರುವಾಗಲೂ ಬಿಸಿ ಎಳೆದುಕೊಳ್ಳುತ್ತದೆ. ಜೊತೆಗೆ, ಮೂಳೆಯ ಮಟ್ಟ ಖಚಿತಪಡಿಸಿಕೊಳ್ಳಲು ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರ ಮತ್ತೆ ಮತ್ತೆ ಬರುತ್ತದೆ. ಅದರ ದಾರಿಗೆ ಅಡ್ಡವಾಗಿ ಸೊಂಟದ ಕೆಳಗೆ ಬಿಸಿ ಹಾಸಿಗೆ ಇಡುವಂತಿಲ್ಲ, ಮೇಲೆ ಹೊದಿಸುವಂತೆಯೂ ಇಲ್ಲ. ಉಳಿಯುವುದು ಕಾಲುಗಳು, ತೋಳು, ಭುಜ ಮತ್ತು ತಲೆ. ಆ ಜಾಗಗಳನ್ನು ಬೆಚ್ಚಗಿಡುವುದರಲ್ಲೇ ನಮ್ಮ ಕೌಶಲ ಇರುವುದು.

ಕೋಣೆಯ ತಾಪದ ವಿಚಾರದಲ್ಲಿ ಒಂದು ಹಗ್ಗಜಗ್ಗಾಟ ಇದ್ದೇ ಇದೆ. ಎಕ್ಸ್-ರೇಯಿಂದ ರಕ್ಷಣೆಗೆ ಶಸ್ತ್ರವೈದ್ಯರು, ನರ್ಸುಗಳು ಕಿಲೋಗಟ್ಟಲೆ ತೂಗುವ ಸೀಸದ ಏಪ್ರನ್ ತೊಟ್ಟು, ಅದರ ಮೇಲೆ ಗೌನ್ ಹಾಕಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಅವರಿಗೆ ಬೆವರು ಇಳಿಯುತ್ತದೆ, ಕೋಣೆ ಇನ್ನೂ ತಂಪಾಗಲಿ ಎನ್ನುತ್ತಾರೆ. ಅವರದೂ ನ್ಯಾಯವೇ, ನರದ ಪಕ್ಕದಲ್ಲಿ ಕೈಯಾಡಿಸುವವರ ಹಣೆಯ ಬೆವರು ಕಣ್ಣಿಗೆ ಇಳಿಯಬಾರದು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಹೊತ್ತನ್ನು ಹಂಚಿಕೊಳ್ಳುವುದು. ರೋಗಿಯ ಮೈ ತೆರೆದಿರುವಷ್ಟು ಹೊತ್ತು, ಅಂದರೆ ಬೋರಲು ಮಲಗಿಸಿ, ಬೆನ್ನು ಒರೆಸಿ, ಬಟ್ಟೆ ಮುಚ್ಚುವವರೆಗೆ, ಕೋಣೆ 21 ಡಿಗ್ರಿಗಿಂತ ಕೆಳಗಿಳಿಯಬಾರದು. ಬಿಸಿಗಾಳಿ ಹರಿಯಲು ಶುರುವಾದ ಮೇಲೆ ಕೋಣೆಯನ್ನು ತಂಪು ಮಾಡಿಕೊಳ್ಳಲಿ.

ಒಂದೆರಡು ಡಿಗ್ರಿ ಇಳಿದರೆ ಅಂಥದ್ದೇನಾಗುತ್ತದೆ ಎಂದು ಕೇಳುವವರು ಕೇಳಬೇಕು. 1996ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ 200 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಬೆಚ್ಚಗಿಟ್ಟವರ ಸರಾಸರಿ ತಾಪ 36.6, ತಣ್ಣಗಾದವರದು 34.7. ಗಾಯಕ್ಕೆ ಸೋಂಕು ತಗುಲಿದ್ದು ಬೆಚ್ಚಗಿದ್ದವರಲ್ಲಿ ನೂರಕ್ಕೆ 6, ತಣ್ಣಗಿದ್ದವರಲ್ಲಿ ನೂರಕ್ಕೆ 19. ಚಳಿಗೆ ನಾಳಗಳು ಬಿಗಿದು ಗಾಯದ ಅಂಚಿಗೆ ಆಮ್ಲಜನಕ ಕಡಿಮೆ ಹೋಗುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಆದರೆ ಕರುಳಿನ ಅಂಕಿಯನ್ನು ತಂದು ಬೆನ್ನಿಗೆ ಅಂಟಿಸಿ ಹೆದರಿಸುವುದು ತಪ್ಪು. ಕರುಳು ಸೂಕ್ಷ್ಮಜೀವಿಗಳ ತವರು, ಎಂಡೋಸ್ಕೋಪ್ ಇಳಿಸುವ ಬೆನ್ನು ಹಾಗಲ್ಲ, ನೀರು ಒಂದೇ ಸಮನೆ ತೊಳೆಯುತ್ತಲೂ ಇರುತ್ತದೆ. ಅಲ್ಲಿ ಸೋಂಕು ಬಹಳ ಅಪರೂಪ. ಬಂದರೆ ಮಾತ್ರ, ಡಿಸ್ಕಿನೊಳಗೆ ಸೇರಿದ ಸೋಂಕಿಗೆ ವಾರಗಟ್ಟಲೆ ಆಂಟಿಬಯೋಟಿಕ್ ಬೇಕಾಗುತ್ತದೆ.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. 2022ರಲ್ಲಿ ಚೀನಾ ಮತ್ತು ಅಮೆರಿಕದ ಆಸ್ಪತ್ರೆಗಳಿಂದ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ಬಂದಿತು. ಒಂದು ಗುಂಪನ್ನು 37 ಡಿಗ್ರಿಯ ಗುರಿಯಲ್ಲಿ, ಇನ್ನೊಂದನ್ನು 35.5ರ ಗುರಿಯಲ್ಲಿ ಇಟ್ಟಿದ್ದರು. ಹೃದಯಕ್ಕೆ ಪೆಟ್ಟು, ಗಾಯದ ಸೋಂಕು, ರಕ್ತ ಕೊಡುವ ಅಗತ್ಯ, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರರ್ಥ ತಣ್ಣಗಾಗಲು ಬಿಡಬಹುದು ಎಂದಲ್ಲ. 35.5ರ ಗುಂಪನ್ನೂ ಅದಕ್ಕಿಂತ ಕೆಳಗಿಳಿಯದಂತೆ ಕಾದಿದ್ದರು. ಕಾಯದೆ ಬಿಟ್ಟ ರೋಗಿ 34ರ ಆಸುಪಾಸಿಗೆ ಇಳಿಯುವುದು ಬೇರೆಯೇ ವಿಷಯ. ದಶಮಾಂಶಕ್ಕೆ ಗಾಬರಿಯಾಗುವ ಅಗತ್ಯವಿಲ್ಲ, 36ರ ಗುರಿ ಇಟ್ಟುಕೊಂಡು ಅಳೆಯುತ್ತಾ ಹೋದರೆ ಸಾಕು ಎಂಬುದನ್ನು ನಾನು ಆ ಅಧ್ಯಯನದಿಂದ ತೆಗೆದುಕೊಂಡಿದ್ದೇನೆ.

ಬೆನ್ನಿನ ಕೀಹೋಲ್ ಚಿಕಿತ್ಸೆಯ ಮಟ್ಟಿಗೆ ನನ್ನನ್ನು ಹೆಚ್ಚು ಕಾಡುವುದು ನಡುಕ. ಕೆಲವು ಎಂಡೋಸ್ಕೋಪ್ ಚಿಕಿತ್ಸೆಗಳಲ್ಲಿ ರೋಗಿ ಪೂರ್ಣ ನಿದ್ದೆಯಲ್ಲಿರುವುದಿಲ್ಲ. ಚುಚ್ಚಿದ ಜಾಗ ಮರಗಟ್ಟಿಸಿ, ಮಂಪರು ಬರುವಷ್ಟು ಔಷಧ ಕೊಟ್ಟಿರುತ್ತೇವೆ. ಉಪಕರಣ ನರಕ್ಕೆ ತಾಗಿದರೆ ‘ಕಾಲು ಜುಮ್ಮೆಂದಿತು’ ಎಂದು ರೋಗಿಯೇ ಹೇಳಲಿ ಎಂಬುದು ಉದ್ದೇಶ. ಅದು ಒಳ್ಳೆಯ ಕಾವಲು. ಆದರೆ ಅದೇ ರೋಗಿ ಚಳಿಗೆ ನಡುಗಿದರೆ? ಎಂಡೋಸ್ಕೋಪಿನ ತುದಿಯಿಂದ ನರಕ್ಕೆ ಇರುವ ಅಂತರ ಮಿಲಿಮೀಟರುಗಳಲ್ಲಿ. ಪರದೆಯ ಮೇಲೆ ದಾರದಂತೆ ಬೆಳ್ಳಗೆ ಕಾಣುವ ನರ, ಅದರ ಪಕ್ಕದ ಕೊಬ್ಬಿನ ಹಳದಿ ಎಳೆಗಳು, ಎಲ್ಲವೂ ಒಮ್ಮೆಲೇ ಅಲುಗಾಡತೊಡಗುತ್ತವೆ. ಶಸ್ತ್ರವೈದ್ಯರು ಕೈ ಹಿಂದೆಳೆದು ಕಾಯಬೇಕು. ನಡುಕ ನಿಲ್ಲಿಸಲು ಟ್ರಮಡಾಲ್‌ನಂಥ ಔಷಧ ಕೊಡುತ್ತೇವೆ, ಅದರಿಂದ ಕೆಲವರಿಗೆ ವಾಂತಿ ಬರುತ್ತದೆ. ಬೋರಲು ಮಲಗಿದವರಿಗೆ ವಾಂತಿ ಬಂದರೆ ಅದು ಇನ್ನೊಂದು ಆತಂಕ. ಜೋರಾದ ನಡುಕದಲ್ಲಿ ಮೈಯ ಆಮ್ಲಜನಕದ ಬೇಡಿಕೆ ಎರಡು ಮೂರು ಪಟ್ಟು ಏರಬಲ್ಲದು. ಹೃದಯ ದುರ್ಬಲವಾಗಿರುವ ಹಿರಿಯರಿಗೆ ಅದು ಸಣ್ಣ ಹೊರೆಯಲ್ಲ.

ರಕ್ತದ ವಿಷಯವೂ ಹೀಗೆಯೇ. ತಾಪ ಇಳಿದಾಗ ಹೆಪ್ಪುಗಟ್ಟಿಸುವ ಕಣಗಳು, ಕಿಣ್ವಗಳು ನಿಧಾನವಾಗುತ್ತವೆ. ದೊಡ್ಡ ಗಾಯದಲ್ಲಿ ನಾಲ್ಕು ಚಮಚ ರಕ್ತ ಹೆಚ್ಚು ಹೋದರೆ ಒರೆಸಿ ಮುಂದುವರಿಯಬಹುದು. ಎಂಡೋಸ್ಕೋಪಿನ ಪರದೆಯಲ್ಲಿ ಅರ್ಧ ಚಮಚ ರಕ್ತ ಇಡೀ ನೋಟವನ್ನು ಕೆಂಪಾಗಿಸುತ್ತದೆ. ಆಗ ನೀರಿನ ಒತ್ತಡ ಹೆಚ್ಚಿಸಬೇಕು ಅನ್ನಿಸುತ್ತದೆ. ಒತ್ತಡ ಹೆಚ್ಚಾದರೆ ಬೆನ್ನುಹುರಿಯ ಸುತ್ತಲೂ ಒತ್ತಡ ಏರುತ್ತದೆ, ಎಚ್ಚರವಾಗಿರುವ ರೋಗಿಗೆ ಕುತ್ತಿಗೆ ನೋವು, ತಲೆನೋವು ಕಾಣಿಸಿಕೊಳ್ಳುತ್ತದೆ. ಅದೊಂದು ಎಚ್ಚರಿಕೆಯ ಗಂಟೆ. ಮಂಪರಿನಲ್ಲಿರುವವರು ಇದನ್ನು ಮಾತ್ರ ಸಹಿಸಿಕೊಂಡು ಸುಮ್ಮನಿರಬಾರದು, ತಕ್ಷಣ ಹೇಳಬೇಕು.

ಔಷಧಗಳೂ ತಣ್ಣನೆಯ ಮೈಯಲ್ಲಿ ನಿಧಾನವಾಗಿ ಕರಗುತ್ತವೆ. ಸ್ನಾಯು ಸಡಿಲಗೊಳಿಸುವ ವೆಕುರೋನಿಯಂ ಎಂಬ ಔಷಧದ ಪ್ರಭಾವ ಎರಡು ಡಿಗ್ರಿ ಇಳಿತಕ್ಕೆ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ಉಳಿಯುತ್ತದೆ. ರೋಗಿ ಎಚ್ಚರಗೊಳ್ಳುವುದು ತಡವಾಗುತ್ತದೆ, ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರ ಎದೆ ಢವಗುಟ್ಟುತ್ತದೆ. ನರಗಳ ಮೇಲೆ ನಿಗಾ ಇಡಲು ವಿದ್ಯುತ್ ಸಂಕೇತಗಳನ್ನು ಅಳೆಯುವ ಕಡೆಗಳಲ್ಲಿ, ತಣ್ಣಗಾದ ನರ ಸಂಕೇತವನ್ನು ತಡವಾಗಿ ದಾಟಿಸಿ ಅನುಮಾನ ಹುಟ್ಟಿಸುತ್ತದೆ.

ಹಾಗಾದರೆ ಬೆಚ್ಚಗಿಡುವುದು ಹೇಗೆ? ಹೆಚ್ಚು ಬಳಕೆಯಲ್ಲಿರುವುದು ಬಿಸಿಗಾಳಿ ಯಂತ್ರ. ಸಣ್ಣ ಪೆಟ್ಟಿಗೆಯಿಂದ ಕೊಳವೆಯ ಮೂಲಕ ಸುಮಾರು 40 ಡಿಗ್ರಿಯ ಗಾಳಿ ಬಂದು, ಸೂಕ್ಷ್ಮ ರಂಧ್ರಗಳಿರುವ ಕಾಗದದಂಥ ಹೊದಿಕೆಯನ್ನು ಉಬ್ಬಿಸಿ, ಮೈಮೇಲೆ ಹರಡುತ್ತದೆ. ಹೊದಿಕೆಯಿಲ್ಲದೆ ಬರೀ ಕೊಳವೆಯನ್ನು ಬಟ್ಟೆಯೊಳಗೆ ತೂರಿಸುವುದು ಅಪಾಯ, ಗಾಳಿ ಒಂದೇ ಕಡೆ ಬಡಿದು ಸುಡುತ್ತದೆ. ಬಿಸಿಗಾಳಿ ಥಿಯೇಟರಿನ ಗಾಳಿಯನ್ನು ಕದಡಿ ಧೂಳನ್ನು ಗಾಯಕ್ಕೆ ತರಬಹುದೇ ಎಂಬ ವಾದ ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ದಾಖಲೆಗಳನ್ನು ಪರಿಶೀಲಿಸಿ, ಬಿಸಿಗಾಳಿ ಯಂತ್ರಕ್ಕೂ ಸೋಂಕಿಗೂ ನಿಶ್ಚಿತ ನಂಟು ಕಾಣಲಿಲ್ಲ, ಅಗತ್ಯವಿದ್ದಲ್ಲಿ ಬಳಕೆ ಮುಂದುವರಿಸಿ ಎಂದು ವೈದ್ಯರಿಗೆ ತಿಳಿಸಿತು. ಸೂಚನೆಯಂತೆ ಫಿಲ್ಟರ್ ಬದಲಿಸುವುದು, ಥಿಯೇಟರಿನೊಳಗೆ ಬಟ್ಟೆ ಮುಚ್ಚಿದ ಮೇಲೆ ಯಂತ್ರ ಶುರುಮಾಡುವುದು ಇದ್ದೇ ಇರಬೇಕು.

ಎಂಡೋಸ್ಕೋಪ್ ಚಿಕಿತ್ಸೆಗೆ ಇದೊಂದೇ ಸಾಲದು. ಹತ್ತು ಲೀಟರ್ ತಣ್ಣೀರು ಒಳಗೆ ಹರಿಯುತ್ತಿರುವಾಗ ಹೊರಗಿನಿಂದ ಬಿಸಿಗಾಳಿ ಬೀಸುವುದು ಅರ್ಧ ಕೆಲಸ. ತೊಳೆಯುವ ಸಲೈನನ್ನು ತಾಪ ನಿಯಂತ್ರಿಸುವ ಕಪಾಟಿನಲ್ಲಿ ಮೊದಲೇ ಇಟ್ಟು ಮೈಬಿಸಿಯ ಮಟ್ಟಕ್ಕೆ ತರಬೇಕು. ನೈಸ್ ಮಾರ್ಗಸೂಚಿ ತೊಳೆಯುವ ದ್ರವಗಳಿಗೆ 38ರಿಂದ 40 ಡಿಗ್ರಿ, ಅರ್ಧ ಲೀಟರ್ ಇಲ್ಲವೇ ಅದಕ್ಕಿಂತ ಹೆಚ್ಚು ಕೊಡುವ ಡ್ರಿಪ್ಪಿಗೆ 37 ಡಿಗ್ರಿ ಎನ್ನುತ್ತದೆ. ಬೆನ್ನಿನ ನೀರು ನರವನ್ನೇ ಸವರಿಕೊಂಡು ಹೋಗುವುದರಿಂದ ಆ ಮಿತಿ ದಾಟಬಾರದು. ಅಂದಾಜಿನ ಮೇಲೆ ಬಕೆಟ್ಟಿನ ಬಿಸಿನೀರಿನಲ್ಲಿ ಬಾಟಲಿ ಮುಳುಗಿಸುವುದನ್ನು, ಮೈಕ್ರೋವೇವಿನಲ್ಲಿ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಒಂದರಲ್ಲಿ ಸೋಂಕಿನ ಭಯ, ಇನ್ನೊಂದರಲ್ಲಿ ನೀರು ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗಿರುವ ಭಯ. ತೂಗುಹಾಕಿದ ಚೀಲ ಹೊತ್ತು ಹೋದಂತೆ ತಣ್ಣಗಾಗುತ್ತದೆ ಎಂಬುದೂ ನೆನಪಿರಬೇಕು. ಎಲ್ಲ ಚೀಲಗಳನ್ನೂ ಒಟ್ಟಿಗೆ ಹೊರತೆಗೆದು ಸಾಲಾಗಿ ಇಡುವ ಬದಲು ಒಂದು ಮುಗಿಯುತ್ತಾ ಬಂದಾಗ ಇನ್ನೊಂದನ್ನು ತೆಗೆಯಬೇಕು. ಹೊರಬರುವ ನೀರನ್ನು ಹಿಡಿದು ಕೊಳವೆಯ ಮೂಲಕ ಸಾಗಿಸುವ ಪ್ಲಾಸ್ಟಿಕ್ ಚೀಲವಿರುವ ಹೊದಿಕೆ ಬಳಸಿದರೆ ರೋಗಿಯ ಪಕ್ಕೆ ಒಣಗಿರುತ್ತದೆ. ಇದು ಸಣ್ಣ ವಿವರವೆನಿಸಬಹುದು, ಒದ್ದೆ ಹಾಸಿಗೆಯ ಮೇಲೆ ಎರಡು ಗಂಟೆ ಮಲಗಿದವರಿಗೆ ಸಣ್ಣದಲ್ಲ.

ಅಳತೆಯ ಬಗ್ಗೆ: ಹಣೆಗೆ ಗುರಿಯಿಟ್ಟು ನೋಡುವ ಪಿಸ್ತೂಲಿನಂಥ ಥರ್ಮಾಮೀಟರ್ ಚರ್ಮದ ತಾಪವನ್ನಷ್ಟೇ ನೋಡಿ ಒಳಗಿನದನ್ನು ಊಹಿಸುತ್ತದೆ, ಥಿಯೇಟರಿನ ತಂಪಿನಲ್ಲಿ ಅದನ್ನು ನಂಬುವಂತಿಲ್ಲ. ಪೂರ್ಣ ಅರಿವಳಿಕೆಯಲ್ಲಿ ಅನ್ನನಾಳಕ್ಕೋ ಮೂಗಿನ ಹಿಂಭಾಗಕ್ಕೋ ತೆಳುವಾದ ತಂತಿಯಂಥ ಥರ್ಮಾಮೀಟರ್ ಇಳಿಸುತ್ತೇವೆ. ಶುರುವಿಗೆ ಮುನ್ನ ಒಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಅಂಕಿ ಬರೆದಿಡಬೇಕು. ರಕ್ತದೊತ್ತಡವನ್ನು ಐದು ನಿಮಿಷಕ್ಕೊಮ್ಮೆ ಬರೆಯುವ ನಾವು ತಾಪದ ಅಂಕಣವನ್ನು ಖಾಲಿ ಬಿಡುವುದು ಸರಿಯಲ್ಲ.

ಮನೆಯವರಿಗೆ ಒಂದು ಕಟ್ಟೆಚ್ಚರಿಕೆ ಇದೆ. ಶಸ್ತ್ರಚಿಕಿತ್ಸೆ ಮುಗಿದು ವಾರ್ಡಿಗೆ ಬಂದವರ ಕಾಲು ಮುಟ್ಟಿ ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಡಬೇಡಿ. ಪ್ರೀತಿಯಿಂದಲೇ ಇಟ್ಟಿರುತ್ತೀರಿ, ಆದರೆ ಮರಗಟ್ಟಿದ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಲ್ಲಿ ಆ ಗಾಯ ಬೆನ್ನಿನ ಗಾಯಕ್ಕಿಂತ ದೊಡ್ಡ ತಲೆನೋವಾಗುತ್ತದೆ. ಒಣ ಕಂಬಳಿ, ಕಾಲುಚೀಲ, ತಲೆಗೊಂದು ಟೋಪಿ ಸಾಕು. ನಡುಕ ನಿಲ್ಲದಿದ್ದರೆ ನರ್ಸನ್ನು ಕರೆದು ತಾಪ ನೋಡಲು ಹೇಳಿ.

ಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರು ನೋಡಲು ಬಂದಾಗ ಕೇಳಿ: ಒಳಗೆ ಕರೆದೊಯ್ಯುವ ಮುನ್ನ ಬೆಚ್ಚಗೆ ಮಾಡುತ್ತೀರಾ? ತೊಳೆಯುವ ನೀರು ಬೆಚ್ಚಗಿರುತ್ತದೆಯೇ? ತಾಪ ಎಲ್ಲಿ ಅಳೆಯುತ್ತೀರಿ? ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯಬಾರದು, ತಿಳಿಯುವುದೂ ಇಲ್ಲ. ಹಿಂದೆ ಯಾವುದಾದರೂ ಶಸ್ತ್ರಚಿಕಿತ್ಸೆಯಾದ ಮೇಲೆ ಜೋರಾಗಿ ನಡುಕ ಬಂದಿದ್ದರೆ, ಹೆರಿಗೆಯ ಸಿಸೇರಿಯನ್ ಆಗಿದ್ದರೂ ಸರಿ, ಅದನ್ನೂ ಹೇಳಿ.

ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಬರುವ ನಡುಕವನ್ನು ಕಂಡು ಜ್ವರ ಬಂತೆಂದು ಗಾಬರಿಯಾಗುವವರಿದ್ದಾರೆ. ಮೊದಲ ಒಂದೆರಡು ಗಂಟೆಯಲ್ಲಿ, ಮೈ ತಣ್ಣಗಿದ್ದು ಬರುವ ನಡುಕ ಸಾಮಾನ್ಯವಾಗಿ ಚಳಿಯದು, ಬೆಚ್ಚಗಾದರೆ ಇಳಿಯುತ್ತದೆ. ತಾಪ 36ಕ್ಕೆ ಬರುವವರೆಗೆ ಚೇತರಿಕೆ ಕೋಣೆಯಲ್ಲೇ ಇಟ್ಟುಕೊಂಡು, ಕಾಲು ಗಂಟೆಗೊಮ್ಮೆ ಅಳೆದು, ಆಮೇಲೆ ವಾರ್ಡಿಗೆ ಕಳಿಸಬೇಕು. ಅದಕ್ಕಾಗಿ ಹೊರಗೆ ಅರ್ಧ ಗಂಟೆ ಹೆಚ್ಚು ಕಾಯಬೇಕಾಗಿ ಬಂದರೆ ದಯವಿಟ್ಟು ಕಾಯಿರಿ. ಮನೆಗೆ ಹೋದ ಮೇಲೆ, ಕೆಲವು ದಿನಗಳೋ ವಾರಗಳೋ ಕಳೆದು, ಮೈ ಸುಡುವ ಜ್ವರದ ಜೊತೆ ಚಳಿ ನಡುಕ ಬಂದರೆ, ಇಳಿದಿದ್ದ ಬೆನ್ನುನೋವು ಮತ್ತೆ ಏರತೊಡಗಿದರೆ ಅದು ಬೇರೆ ಕಥೆ. ಆಗ ಊರಿನಲ್ಲೇ ಜ್ವರದ ಮಾತ್ರೆ ನುಂಗುತ್ತಾ ದಿನ ದೂಡದೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಅಂದೇ ಬರಬೇಕು.